ಇಪ್ಪತ್ತನೇ ಲೆವೆಲ್‌ನ ಹಳದಿ ಗೆರೆ

2023ರ ಬೇಸಿಗೆಯಲ್ಲಿ ನಾನು ರಾಯಚೂರಿನ ಒಂದು ಖಾಸಗಿ ಚಾಲನಾ ತರಬೇತಿ ಕೇಂದ್ರದಲ್ಲಿ ಸಿಮ್ಯುಲೇಟರ್ ವಿಭಾಗದ ಬೋಧಕನಾಗಿದ್ದೆ. ವಿಭಾಗ ಎಂದರೆ ಒಂದು ಕೋಣೆ, ಒಂದು ಯಂತ್ರ ಮತ್ತು ನಾನು. ಯರಗೇರಾದ ಕ್ಯಾಂಪಸ್‌ನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ, ಎರಡು ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕನಾಗಿ, ಆಮೇಲೆ ಬೀಜದ ಕಂಪನಿಯೊಂದರಲ್ಲಿ ಊರೂರು ಸುತ್ತಿ, ಎಲ್ಲಿಯೂ ಕಾಲು ನಿಲ್ಲದೆ ಈ ಕೆಲಸಕ್ಕೆ ಬಂದಿದ್ದೆ. ಮೂರು ವರ್ಷ ಒಂದೇ ಕುರ್ಚಿಯಲ್ಲಿ ಕೂತದ್ದು ಇಲ್ಲಿ ಮಾತ್ರ.

ಮುಂದೆ ಬರುವ ಅಂಕಿಗಳನ್ನು ಯಂತ್ರದ ದಾಖಲೆಯಿಂದ ಮತ್ತು ನನ್ನ ದಿನಚರಿ ಪುಸ್ತಕದಿಂದ ತೆಗೆದುಕೊಂಡಿದ್ದೇನೆ. ಉಳಿದದ್ದೆಲ್ಲ ನೆನಪು. ಅದನ್ನು ಓದುಗರು ಪೂರ್ತಿ ನಂಬಬೇಕಿಲ್ಲ, ನಾನೂ ನಂಬುವುದಿಲ್ಲ.

ಸಿಮ್ಯುಲೇಟರ್ ಎಂದರೆ ನಿಂತಲ್ಲೇ ಗಾಡಿ ಓಡಿಸುವ ಯಂತ್ರ. ನಿಜವಾದ ಸೀಟು, ಸ್ಟೇರಿಂಗ್, ಕ್ಲಚ್ಚು, ಗೇರು ಇರುತ್ತವೆ. ಮುಂದೆ ಮೂರು ಪರದೆಗಳು. ಅವುಗಳಲ್ಲಿ ರಸ್ತೆ, ಕನ್ನಡಿ, ಅಕ್ಕಪಕ್ಕದ ಗೋಡೆ ಎಲ್ಲ ಚಿತ್ರವಾಗಿ ಕಾಣುತ್ತವೆ. ನಮ್ಮ ಯಂತ್ರದ ತಂತ್ರಾಂಶ ಮೂಲತಃ ಒಂದು ಆಟ. ಅದರಲ್ಲಿ ಪಾರ್ಕಿಂಗ್‌ಗೆಂದೇ ಇಪ್ಪತ್ತು ಲೆವೆಲ್‌ಗಳಿದ್ದವು. ಪ್ರತಿ ಲೆವೆಲ್‌ನಲ್ಲಿ ನೆಲದ ಮೇಲೆ ಹಳದಿ ಗೆರೆಯ, ಒಂದು ಬದಿ ತೆರೆದ ಚೌಕ. ಗಾಡಿಯನ್ನು ಅದರೊಳಗೆ ತಂದು ನಿಲ್ಲಿಸಬೇಕು. ಚಕ್ರ ಹಳದಿ ಗೆರೆಯ ಮೇಲೆ ಬಂದರೆ ಮೂರು ನಕ್ಷತ್ರಗಳಲ್ಲಿ ಒಂದು ಕಳೆಯುತ್ತದೆ. ಗಾಡಿ ಆ ಗೆರೆ ದಾಟಿದರೆ ಅಥವಾ ಯಾವುದಕ್ಕಾದರೂ ತಾಗಿದರೆ ಪರದೆ ಕೆಂಪಾಗಿ ಸೈರನ್ ಕೂಗುತ್ತದೆ. ಗೆದ್ದರೆ ಕಹಳೆ ಊದುತ್ತದೆ. ನಮ್ಮ ಕೇಂದ್ರದಲ್ಲಿ ಕಹಳೆ ಅಪರೂಪವಾಗಿತ್ತು. ಸೈರನ್ ಮಾತ್ರ ಎದುರಿನ ಝೆರಾಕ್ಸ್ ಅಂಗಡಿಯವನಿಗೂ ಬಾಯಿಪಾಠ.

ಹತ್ತೊಂಬತ್ತು ಲೆವೆಲ್‌ಗಳನ್ನು ನಾನೇ ಮೊದಲು ಆಡಿ ದಾಟಿದ್ದೆ. ಇಪ್ಪತ್ತನೆಯದು ಆಗಿರಲಿಲ್ಲ. ಅದರಲ್ಲಿ ಬರುವುದು ಟ್ರೇಲರ್ ಲಾರಿ, ಅಂದರೆ ಎಂಜಿನ್ ಭಾಗ ಬೇರೆ, ಹಿಂದಿನ ಉದ್ದನೆಯ ಪೆಟ್ಟಿಗೆ ಬೇರೆ, ನಡುವೆ ಒಂದು ಕೊಂಡಿ. ಎಡಕ್ಕೆ ಒಂದು ಇಕ್ಕಟ್ಟಾದ ಸಂದಿ. ಅದರೊಳಗೆ ಹಿಮ್ಮುಖವಾಗಿ ಹೋಗಬೇಕು. ಗಾಡಿಯ ಮುಂದೆ, ರಸ್ತೆಗೆ ಅಡ್ಡಲಾಗಿ, ಒಂದು ಹಳದಿ ಗೆರೆ. ನಾನು ನಲವತ್ತೊಂದು ಸಲ ಪ್ರಯತ್ನಿಸಿದ್ದೆ ಎಂದು ದಾಖಲೆ ಹೇಳುತ್ತದೆ. ನನ್ನ ನೆನಪಿನಲ್ಲಿ ಅದು ಹದಿನೈದೋ ಇಪ್ಪತ್ತೋ. ಪ್ರತಿ ಸಲವೂ ಲಾರಿ ನಡುವೆ ಮಡಚಿಕೊಳ್ಳುತ್ತಿತ್ತು. ಇದಕ್ಕೆ ಜ್ಯಾಕ್‌ನೈಫ್ ಎನ್ನುತ್ತಾರೆ. ಮಡಚುವ ಚಾಕುವಿನಂತೆ ಎಂಜಿನ್ನೂ ಪೆಟ್ಟಿಗೆಯೂ ಒಂದಕ್ಕೊಂದು ಮುಖ ಕೊಡುತ್ತವೆ, ಆಮೇಲೆ ಯಾವ ಕಡೆಗೂ ಅಲುಗಲಾಗುವುದಿಲ್ಲ.

ಗಣಿತ ಓದಿದವನಿಗೆ ಸೋಲು ಒಂದು ಲೆಕ್ಕವಾಗಿ ಕಾಣುತ್ತದೆ. ಸಂದಿಯ ಅಗಲ, ಟ್ರೇಲರಿನ ಉದ್ದ, ಚಕ್ರ ತಿರುಗುವ ಕೋನ ಎಲ್ಲವನ್ನೂ ಪರದೆಯ ಮೇಲಿಂದ ಅಳೆದು, ಎರಡು ಪುಟಗಳ ಪತ್ರ ಬರೆದು, ಚಿತ್ರ ಸಮೇತ ತಂತ್ರಾಂಶದ ಕಂಪನಿಗೆ ಕಳಿಸಿದೆ. ‘ಇಪ್ಪತ್ತನೇ ಲೆವೆಲ್ ಜ್ಯಾಮಿತೀಯವಾಗಿ ಅಸಾಧ್ಯ. ಇದು ನಿಮ್ಮ ತಪ್ಪು’ ಎಂದು ಅದರ ಸಾರಾಂಶ. ಉತ್ತರ ಬರಲಿಲ್ಲ. ಬಾರದ ಉತ್ತರವನ್ನು ಒಪ್ಪಿಗೆ ಎಂದು ತಿಳಿದು, ಕೋಣೆಯ ಗೋಡೆಗೆ ಒಂದು ಚೀಟಿ ಅಂಟಿಸಿದೆ: ‘ಲೆವೆಲ್ 20 ದೋಷಪೂರಿತ. ಆಡಬೇಡಿ.’

ಆ ಏಪ್ರಿಲ್‌ನಲ್ಲಿ ದೇವದುರ್ಗದಿಂದ ಗಂಗಮ್ಮ ಎಂಬ ಹೆಂಗಸು ಕೇಂದ್ರಕ್ಕೆ ಬಂದರು. ಅಲ್ಲಿನ ಮಹಿಳಾ ಸಂಘಗಳ ಒಕ್ಕೂಟವೊಂದರ ಅಧ್ಯಕ್ಷೆ. ಒಕ್ಕೂಟ ಹೊಸದಾಗಿ ಒಂದು ಸಣ್ಣ ಲಾರಿ ಕೊಂಡಿತ್ತು. ಮುಂಗಾರು ಬಿತ್ತನೆಗೆ ಮೊದಲು ಬೀಜ, ಗೊಬ್ಬರವನ್ನು ಹಳ್ಳಿಗಳಿಗೆ ಮುಟ್ಟಿಸಬೇಕಿತ್ತು. ಆದರೆ ಅವರ ಗೋದಾಮು ಹಳೆಯ ಓಣಿಯೊಂದರ ಕೊನೆಯಲ್ಲಿ. ಲಾರಿ ಹಿಮ್ಮುಖವಾಗಿಯೇ ಒಳಗೆ ಹೋಗಬೇಕು.

“ಮೊದಲನೇ ಡ್ರೈವರ್ ಎರಡು ಸಲ ಬಸಣ್ಣಜ್ಜನ ಕಟ್ಟಿಗಿ ಗುದ್ದಿದಾನ್ರಿ ಸರ್,” ಎಂದರು ಗಂಗಮ್ಮ. “ಅಜ್ಜ ದಿನಾ ಆ ಕಟ್ಟಿ ಮ್ಯಾಲೆ ಕುಂದ್ರತಾನ. ಈಗ ಲಾರಿ ಸಪ್ಪಳ ಕೇಳಿದ್ರ ಸಾಕು, ಕಾಲು ಎತ್ತಿಕೊಂಡು ಒಳಗ ಓಡತಾನ. ಓಣಿ ಮಂದಿ ಲಾರಿ ತರಬ್ಯಾಡ್ರಿ ಅನ್ನಾಕತ್ತಾರ. ನಿಮ್ಮ ಮಷಿನ್‌ನ್ಯಾಗ ಎಲ್ಲಾ ಪಾರ್ಕಿಂಗ್ ಪಾಸ್ ಆದವ್ರು ಯಾರರ ಇದ್ರ, ಅವ್ರಿಗೇ ಕೀಲಿ ಕೊಡತೀವಿ.”

ಮೇ ಕೊನೆಯ ವಾರದಲ್ಲಿ ತಾವೇ ಬಂದು ಪರೀಕ್ಷೆ ನೋಡುವುದಾಗಿ ಹೇಳಿ ಹೋದರು. ಎಲ್ಲಾ ಎಂದರೆ ಹತ್ತೊಂಬತ್ತು ಎಂದು ನಾನು ಆಗ ಹೇಳಲಿಲ್ಲ.

ಕೆಲಸಕ್ಕೆ ಇಬ್ಬರು ಹೆಸರು ಕೊಟ್ಟರು. ಒಬ್ಬ ರಾಯಚೂರಿನ ಇರ್ಫಾನ್, ಇಪ್ಪತ್ತೆರಡು ವರ್ಷದವನು. ಮೊಬೈಲಿನಲ್ಲಿ ಇಂಥ ಪಾರ್ಕಿಂಗ್ ಆಟಗಳನ್ನು ಆಡಿಯೇ ಬೆಳೆದವನು. ಮೊದಲ ದಿನವೇ ಹನ್ನೊಂದು ಲೆವೆಲ್ ದಾಟಿದ. ನನ್ನ ಕೋಣೆಯಲ್ಲಿ ಕಹಳೆಯ ಮೇಲೆ ಕಹಳೆ.

ಇನ್ನೊಬ್ಬರು ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನ ಹುಲಿಗೆಮ್ಮ. ವಯಸ್ಸು ಮೂವತ್ತೆಂಟು. ಹದಿನಾರು ವರ್ಷ ಅಣ್ಣನ ಟ್ರ್ಯಾಕ್ಟರ್ ಓಡಿಸಿದವರು. ಭತ್ತದ ಮೂಟೆಗಳನ್ನು ಟ್ರಾಲಿಯಲ್ಲಿ ಹೇರಿಕೊಂಡು ಮಾನ್ವಿಯ ರೈಸ್ ಮಿಲ್ಲಿಗೆ ಹೋಗಿ ಬರುತ್ತಿದ್ದರು. ಲೈಸೆನ್ಸ್ ಇತ್ತು, ಕೈಯಲ್ಲಿ ಅನುಭವವಿತ್ತು. ಹಾಗಿದ್ದರೂ ಯಾಕೆ ಈ ಕೆಲಸ ಎಂದು ಕೇಳಿದೆ.

“ಅಣ್ಣನ ಮಕ್ಕಳು ದೊಡ್ಡವ್ರಾದ್ರಿ ಸರ್. ‘ಅತ್ತಿ, ಇನ್ನ ನೀ ಇಳಿ, ನಾವು ಹೊಡಿತೀವಿ’ ಅಂದ್ರು. ತಪ್ಪೇನಿಲ್ಲ, ಗಾಡಿ ಅವರದು.” ಮತ್ತೆ ಹೇಳಿದರು: “ಸ್ಟೇರಿಂಗ್ ಹಿಡಿದು ಮ್ಯಾಲೆ ಕುಂತಾಗ ನಾನು ಹುಲಿಗೆಮ್ಮರಿ. ಕೆಳಗ ಇಳಿದ್ರ ಅವನ ತಂಗಿ, ಇವರ ಅತ್ತಿ. ಯಾರೂ ‘ಇಳಿ’ ಅನ್ನಲಾರದಂಥ ಒಂದು ಸ್ಟೇರಿಂಗ್ ಬೇಕಾಗೇದ.”

ಈ ಮಾತು ನನಗೆ ಅಕ್ಷರಶಃ ನೆನಪಿದೆ. ಹಾಗೆ ಅನ್ನಿಸುವುದೇ ಅನುಮಾನಕ್ಕೆ ಕಾರಣ ಎಂಬುದೂ ಗೊತ್ತಿದೆ. ಆದರೆ ಅದರ ತಿರುಳು ಇದೇ.

ಮೊದಲ ದಿನ ಅವರನ್ನು ಮೂರನೇ ಲೆವೆಲ್‌ಗೆ ಕೂರಿಸಿದೆ. ಅತಿ ಸುಲಭವಾದದ್ದು, ಸಣ್ಣ ಲಾರಿಯನ್ನು ನೇರವಾಗಿ ಹಿಂದಕ್ಕೆ ತಂದು ಎರಡು ಕಂಬಗಳ ನಡುವೆ ನಿಲ್ಲಿಸುವುದು. ಹುಲಿಗೆಮ್ಮ ಸೆರಗು ಸಿಕ್ಕಿಸಿ, ರಿವರ್ಸ್ ಗೇರ್ ಹಾಕಿ, ಎಡಗೈಯನ್ನು ಸೀಟಿನ ಬೆನ್ನಿಗೆ ಊರಿ, ಸೊಂಟದಿಂದಲೇ ತಿರುಗಿ ಹಿಂದೆ ನೋಡಿದರು. ಹಿಂದೆ ಇದ್ದದ್ದು ನಮ್ಮ ಕೋಣೆಯ ಗೋಡೆ, ಅದರ ಮೇಲೊಂದು ಕ್ಯಾಲೆಂಡರ್. ಸೈರನ್ ಕೂಗಿತು.

“ಅರೇ ಅಕ್ಕಾ,” ಇರ್ಫಾನ್ ಬಿದ್ದು ಬಿದ್ದು ನಕ್ಕ, “ಹಿಂದ ಏನ್ ನೋಡಾಕತ್ತಿ? ಅಮಾಸಿ ಎಂದದ ಅಂತಾ?”

“ಸುಮ್ಮನಿರಲೇ. ಟ್ರಾಲಿ ನೋಡಲಾರದ ಹಿಂದಕ ಹೆಂಗ ಹೋಗಲಿ?”

ಕಾಲುವೆ ನೀರಾವರಿಯ ಹಳ್ಳಿಗಳಿಂದ ಬಂದ ಬಹಳಷ್ಟು ಜನರಲ್ಲಿ ಈ ಅಭ್ಯಾಸವನ್ನು ನಾನು ನೋಡಿದ್ದೇನೆ. ಅವರು ಚಾಲನೆ ಕಲಿಯುವುದು ಟ್ರ್ಯಾಕ್ಟರ್ ಮೇಲೆ. ಅದನ್ನು ಹಿಂದಕ್ಕೆ ತರುವಾಗ ಕನ್ನಡಿಯ ಮಾತೇ ಇಲ್ಲ. ಮೈಯನ್ನೇ ಹೊರಳಿಸಿ ಟ್ರಾಲಿಯನ್ನು ಕಣ್ಣಾರೆ ನೋಡುತ್ತಾರೆ. ಆದರೆ ಯಂತ್ರದಲ್ಲಿ ಹಿಂದಿನದ್ದೂ ಮುಂದೆಯೇ ಕಾಣುತ್ತದೆ. ಬೆನ್ನ ಹಿಂದೆ ಲೋಕವೇ ಇಲ್ಲ.

ಎರಡನೆಯ ತೊಡಕು ಇನ್ನೂ ಆಳದ್ದು. ಹುಲಿಗೆಮ್ಮ ಲಾರಿಯ ಬಾಲವನ್ನು ಎಡಕ್ಕೆ ತರಲು ಹೋದಾಗಲೆಲ್ಲ ಅದು ಬಲಕ್ಕೆ ಹೋಗುತ್ತಿತ್ತು. ಆ ದಿನ ಮೂರನೇ ಲೆವೆಲ್‌ನಲ್ಲಿ ಹದಿನಾಲ್ಕು ಪ್ರಯತ್ನ, ಹದಿನಾಲ್ಕು ಸೈರನ್. ಹದಿನಾಲ್ಕನೆಯದಕ್ಕೆ ಅವರು ಸ್ಟೇರಿಂಗ್ ಬಿಟ್ಟು ಕೈ ನೋಡಿಕೊಂಡರು.

“ಹದಿನಾರು ವರ್ಷ ದುಡಿದ ಕೈರಿ ಇವು. ಈ ಮಷಿನ್ ಮುಂದ ಯಾರದೋ ಕೈ ಆಗ್ಯಾವ.”

ಮಾರನೇ ದಿನ ಬರುವುದಿಲ್ಲವೇನೋ ಅಂದುಕೊಂಡೆ. ಬೆಳಿಗ್ಗೆ ಕೇಂದ್ರದ ಬಾಗಿಲು ತೆಗೆಯುವಾಗ ಮೆಟ್ಟಿಲ ಮೇಲೆ ಕೂತಿದ್ದರು. ಮಾನ್ವಿಯಿಂದ ಮೊದಲ ಬಸ್ಸಿಗೆ ಬಂದಿದ್ದರು. ಬುತ್ತಿಯನ್ನೂ ತಂದಿದ್ದರು.

ಮೊದಲು ನೋಟದ ತೊಡಕಿಗೆ ಒಂದು ಉಪಾಯ ಸಿಕ್ಕಿತು. ಮೂರು ಪರದೆಗಳಲ್ಲಿ ಒಂದನ್ನು ಬಿಚ್ಚಿ, ಅವರ ಬೆನ್ನ ಹಿಂದೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಟ್ಟು, ಅದರಲ್ಲಿ ಲಾರಿಯ ಹಿಂದಿನ ನೋಟ ಬರುವಂತೆ ಮಾಡಿದೆವು. ಉದ್ದದ ಕೇಬಲ್ಲನ್ನು ಝೆರಾಕ್ಸ್ ಅಂಗಡಿಯಿಂದ ಕಡ ತಂದೆವು. ಹುಲಿಗೆಮ್ಮ ಹೊರಳಿ ನೋಡಿದರೆ ಈಗ ಕ್ಯಾಲೆಂಡರ್ ಬದಲು ರಸ್ತೆ. ಅಲ್ಲಿಂದ ದಿನಕ್ಕೊಂದು ಗೇಣಿನಂತೆ ಕುರ್ಚಿಯನ್ನು ಸರಿಸಿದೆವು. ಬೆನ್ನ ಹಿಂದಿನಿಂದ ಬಲ ಭುಜದ ಹಿಂದಕ್ಕೆ, ಭುಜದಿಂದ ಮೊಣಕೈ ಪಕ್ಕಕ್ಕೆ, ಕೊನೆಗೆ ಬಲಗಡೆಯ ಕನ್ನಡಿ ಇರುವ ಜಾಗಕ್ಕೆ. ಕುರ್ಚಿ ಸರಿದಂತೆ ಅವರ ಕತ್ತೂ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಬಂತು. ಒಂಬತ್ತನೇ ದಿನ ಪರದೆ ತನ್ನ ಹಳೆಯ ಸ್ಥಾನದಲ್ಲಿತ್ತು. ಅವರ ಕಣ್ಣು ಕನ್ನಡಿಯ ಮೇಲಿತ್ತು.

ಈ ಉಪಾಯ ಯಾರದು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ನನ್ನದು ಎಂದೇ ನನಗೆ ನೆನಪು. ಇರ್ಫಾನ್ ತನ್ನದು ಎನ್ನುತ್ತಾನೆ. ಹುಲಿಗೆಮ್ಮನನ್ನು ಕೇಳಿದರೆ, “ಟಿವಿ ಹಿಂದಿಡ್ರಿ ಅಂತ ನಾನಲ್ಲೇನ್ರಿ ಅಂದಾಕಿ?” ಎನ್ನುತ್ತಾರೆ. ನನ್ನ ದಿನಚರಿಯಲ್ಲಿ ‘ಪರದೆಯನ್ನು ಹಿಂದೆ ಇಡಲಾಯಿತು’ ಎಂದಷ್ಟೇ ಇದೆ.

ಕೈಯ ತೊಡಕನ್ನು ಕಂಡುಹಿಡಿದದ್ದು ಮಾತ್ರ ನಾನೇ, ಏಕೆಂದರೆ ಅದರ ಚಿತ್ರ ಬಿಡಿಸಿಟ್ಟಿದ್ದೇನೆ. ಹುಲಿಗೆಮ್ಮ ಹಿಂದಕ್ಕೆ ಹೋಗುವಾಗ ಸ್ಟೇರಿಂಗನ್ನು ಕೆಳಗಿನಿಂದ, ಮಡಿಲ ಹತ್ತಿರ, ಹಿಡಿಯುತ್ತಿದ್ದರು. ಇದರಲ್ಲಿ ಒಂದು ಗುಟ್ಟಿದೆ. ಟ್ರಾಲಿ ಕಟ್ಟಿದ ಗಾಡಿಯನ್ನು ಹಿಂದಕ್ಕೆ ತಳ್ಳುವಾಗ ಎಲ್ಲವೂ ತಿರುಗುಮುರುಗು. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಟ್ರಾಲಿಯ ಬಾಲ ಎಡಕ್ಕೆ ಹೋಗುತ್ತದೆ. ಆದರೆ ಸ್ಟೇರಿಂಗನ್ನು ತಳದಲ್ಲಿ ಹಿಡಿದವರಿಗೆ ಈ ಗೊಂದಲವಿಲ್ಲ. ಕೈ ಎಡಕ್ಕೆ ಸರಿದರೆ ಟ್ರಾಲಿಯೂ ಎಡಕ್ಕೆ. ಹುಲಿಗೆಮ್ಮನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕೈ ತಾನೇ ಕಲಿತಿತ್ತು. ಸಣ್ಣ ಲಾರಿಯಲ್ಲಿ ಕೊಂಡಿ ಇಲ್ಲ, ಬಾಲ ಬೇರೆಯಲ್ಲ. ಅಲ್ಲಿ ಅದೇ ಹಿಡಿತ ಅವರನ್ನು ಪ್ರತಿ ಸಲವೂ ತಪ್ಪು ಕಡೆಗೆ ಒಯ್ಯುತ್ತಿತ್ತು.

“ಬರೇ ಟ್ರ್ಯಾಕ್ಟರ್ ಇಂಜಿನ್ ಇದ್ರ ಬ್ಯಾರೆರಿ. ಹಿಂದ ಉದ್ದ ಕಂಡ್ರ ಕೈ ತಾನ ಕೆಳಗ ಹೋಗತದ,” ಎಂದರು.

“ಹಂಗಾದ್ರ ಮ್ಯಾಲೆ ಹಿಡೀರಿ. ಹನ್ನೆರಡು ಗಂಟೆ ಮುಳ್ಳು ಇರೋ ಕಡೆ. ಕೈ ಎತ್ತ ಹೋಗತದೋ ಬಾಲ ಅತ್ತ ಬರತದ.”

ಅವರು ತಲೆಗೂದಲಿನ ಕೆಂಪು ರಿಬ್ಬನ್ನೊಂದನ್ನು ಬಿಚ್ಚಿ ಸ್ಟೇರಿಂಗಿನ ನೆತ್ತಿಗೆ ಕಟ್ಟಿದರು. ಕೈ ಕೆಳಗೆ ಜಾರಿದಾಗಲೆಲ್ಲ ಇರ್ಫಾನ್ ಹಿಂದಿನಿಂದ “ರಿಬ್ಬನ್, ಅಕ್ಕಾ, ರಿಬ್ಬನ್!” ಎಂದು ಕೂಗುತ್ತಿದ್ದ. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಕೆಲಸ. ಆದರೂ ಅವನು ಕೂಗುತ್ತಿದ್ದ, ಅವರು ತಮ್ಮ ಬುತ್ತಿಯ ರೊಟ್ಟಿಯಲ್ಲಿ ಅವನಿಗೊಂದು ಪಾಲು ಇಡುತ್ತಿದ್ದರು.

ಆಮೇಲೆ ಲೆವೆಲ್‌ಗಳು ಒಂದೊಂದಾಗಿ ಮಣಿದವು. ಆರನೆಯದು ಪ್ಯಾರಲಲ್ ಪಾರ್ಕಿಂಗ್, ಅಂದರೆ ರಸ್ತೆ ಬದಿಯಲ್ಲಿ ನಿಂತ ಎರಡು ಗಾಡಿಗಳ ನಡುವಿನ ಸಂದಿಗೆ ಹಿಂದಿನಿಂದ ಜಾರಿಕೊಳ್ಳುವುದು. ಅದಕ್ಕೆ ಮೂರು ದಿನ ಹಿಡಿಯಿತು. ಹದಿನೈದನೆಯದು ಇಳಿಜಾರು. ಹದಿನೇಳನೆಯದರಲ್ಲಿ ನೀರಿನ ಟ್ಯಾಂಕಿಗೂ ಗೋಡೆಗೂ ನಡುವೆ ಎರಡೂ ಕಡೆ ಒಂದೊಂದು ಅಂಗೈ ಅಗಲ ಜಾಗ. ಕೊನೆಯ ಸುತ್ತು ಗೆಲ್ಲುವ ಹೊತ್ತಿಗೆ ಕರೆಂಟು ಹೋಗಿ, ಯಂತ್ರ ಅದನ್ನೂ ಸೋಲೆಂದು ಬರೆದುಕೊಂಡಿತು. “ಹೋಗ್ಲಿ ಬಿಡ್ರಿ,” ಎಂದು ಹುಲಿಗೆಮ್ಮ ಕತ್ತಲ ಪರದೆಯ ಮುಂದೆ ಕರೆಂಟು ಬರುವವರೆಗೂ ಸೀಟಿನಿಂದ ಇಳಿಯದೆ ಕೂತಿದ್ದರು. ರಾಯಚೂರಿನ ಮೇ ತಿಂಗಳು, ಫ್ಯಾನೂ ಇರಲಿಲ್ಲ.

ಪರೀಕ್ಷೆಯ ದಿನ ಗಂಗಮ್ಮ ಒಕ್ಕೂಟದ ಇನ್ನೂ ಇಬ್ಬರು ಸದಸ್ಯೆಯರೊಂದಿಗೆ ಬಂದರು. ಪ್ರತಿ ಲೆವೆಲ್‌ಗೂ ಮೂರು ಅವಕಾಶ ಎಂದು ನಿಯಮ ಮಾಡಿದ್ದೆ. ಇರ್ಫಾನ್ ಒಂದು ಗಂಟೆಯೊಳಗೆ ಹತ್ತೊಂಬತ್ತನ್ನೂ ಮುಗಿಸಿದ. ಹುಲಿಗೆಮ್ಮನಿಗೆ ಎರಡೂವರೆ ಗಂಟೆ ಬೇಕಾಯಿತು. ಹತ್ತೊಂಬತ್ತನೆಯದರಲ್ಲಿ ಎರಡು ಸಲ ಸೈರನ್ ಆಯಿತು. ಮೂರನೆಯ, ಕೊನೆಯ ಸಲ ಅವರು ಇಂಚು ಇಂಚಾಗಿ ಹಿಂದಕ್ಕೆ ಬಂದರು. ಲಾರಿ ಚೌಕದೊಳಗೆ ನಿಂತಿತು. ಕಹಳೆ ಊದಿತು.

ಇಬ್ಬರೂ ಸಮ. ಗಂಗಮ್ಮ ಯೋಚನೆಗೆ ಬಿದ್ದರು. ಆಗ ಅವರ ಕಣ್ಣು ಗೋಡೆಯ ಚೀಟಿಯ ಮೇಲೆ ಹೋಯಿತು.

“ಇಪ್ಪತ್ತನೇದು ಯಾಕ ಬಿಟ್ರಿ ಸರ್?”

“ಅದು ಆಗೂದಿಲ್ರಿ. ಅದರಾಗ ದೋಷ ಅದ. ನಾನು ಲೆಕ್ಕಾ ಮಾಡಿ ಕಂಪನಿಗಿ ಬರದೀನಿ.” ಕಪಾಟಿನಿಂದ ಪತ್ರದ ಪ್ರತಿಯನ್ನೂ ತೆಗೆದು ತೋರಿಸಿದೆ.

ಗಂಗಮ್ಮ ಪತ್ರವನ್ನು ತಿರುವಿ ನೋಡಿ ವಾಪಸು ಕೊಟ್ಟರು. “ಲೆಕ್ಕಾ ಚಂದ ಅದ. ಆದ್ರ ನಮ್ಮ ಓಣಿನೂ ನೋಡಿದವ್ರೆಲ್ಲಾ ಆಗೂದಿಲ್ಲಂತಾರ. ಹಚ್ಚರಿ, ನೋಡೋಣು.”

ಇರ್ಫಾನ್ ಮೊದಲು ಕೂತ. ಪರದೆಯ ಮೇಲೆ ಟ್ರೇಲರ್ ಲಾರಿ ಬಂತು. ರಿವರ್ಸ್ ಹಾಕಿದ, ಎಡಕ್ಕೆ ತಿರುಗಿಸಿದ, ಪೆಟ್ಟಿಗೆ ಬಲಕ್ಕೆ ಓಡಿತು. ಸೈರನ್. ಎರಡನೇ ಸಲ ಬಲಕ್ಕೆ ತಿರುಗಿಸಿ ನೋಡಿದ. ಲಾರಿ ಚಾಕುವಿನಂತೆ ಮಡಚಿಕೊಂಡಿತು. ಮೂರನೆಯದೂ ಅದೇ. ಎದ್ದು ನಿಂತು ಬೆವರು ಒರೆಸಿಕೊಂಡು, “ಸರ್ ಹೇಳಿದ್ದು ಖರೇ ಅದ. ಇದು ಯಾರಪ್ಪನ ಕೈಲೂ ಆಗೂದಿಲ್ಲ,” ಎಂದ. ನನಗೆ ಒಳಗೊಳಗೇ ಸಮಾಧಾನವಾಯಿತು. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು.

ಯಂತ್ರ ಆರಿಸಲು ಕೈ ಚಾಚಿದೆ.

“ಇರ್ರಿ ಸರ್,” ಎಂದರು ಹುಲಿಗೆಮ್ಮ. ಪರದೆಯ ಹತ್ತಿರ ಬಗ್ಗಿ ನೋಡುತ್ತಿದ್ದರು. “ಇದು ಟ್ರಾಲಿ ಅಲ್ಲೇನ್ರಿ?”

ಆ ದಿನದವರೆಗೆ ಅವರು ಇಪ್ಪತ್ತನೇ ಲೆವೆಲ್ಲನ್ನು ನೋಡಿಯೇ ಇರಲಿಲ್ಲ. ನನ್ನ ಚೀಟಿ ನೋಡಗೊಟ್ಟಿರಲಿಲ್ಲ. ನಲವತ್ತೊಂದು ದಿನ ಅವರಿಗೆ ಟ್ರಾಲಿಯನ್ನು ಮರೆಯಲು ಕಲಿಸಿದವನು ನಾನು. ಅದೇ ಟ್ರಾಲಿ ಆ ಚೀಟಿಯ ಹಿಂದೆಯೇ ಇತ್ತು. (ನಲವತ್ತೊಂದು ನನ್ನ ಪ್ರಯತ್ನಗಳ ಸಂಖ್ಯೆ. ಅವರ ತರಬೇತಿ ನಡೆದದ್ದು ಮೂವತ್ತಾರು ದಿನ. ದಾಖಲೆ ನೋಡಿ ತಿದ್ದಿದ್ದೇನೆ. ಮೊದಲು ಬರೆದದ್ದನ್ನು ಹೊಡೆದುಹಾಕಿಲ್ಲ.)

ಅವರು ಸೀಟಿನಲ್ಲಿ ಕೂತರು. ಮೊದಲು ರಿಬ್ಬನ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಸ್ಟೇರಿಂಗಿನ ನೆತ್ತಿಯ ಮೇಲಿದ್ದ ಅವರ ಕೈ ಅದರ ಗುಂಡಗಿನ ಅಂಚಿನ ಗುಂಟ ಮೆಲ್ಲಗೆ ಇಳಿದು ತಳಕ್ಕೆ ಬಂದು ನಿಂತಿತು. ಇದನ್ನು ನಾನು ನೋಡಿದೆ. ಇದರಲ್ಲಿ ನನಗೆ ಅನುಮಾನವಿಲ್ಲ.

ರಿವರ್ಸ್ ಹಾಕುತ್ತಾರೆ ಅಂದುಕೊಂಡೆ. ಅವರು ಮೊದಲನೇ ಗೇರ್ ಹಾಕಿದರು. ಲಾರಿ ಸಂದಿಯನ್ನು ಬಿಟ್ಟು ಮುಂದಕ್ಕೆ ಹೊರಟಿತು.

“ಅಕ್ಕಾ, ಎಲ್ಲಿಗಿ ಹೊಂಟಿ?” ಇರ್ಫಾನ್ ಕೂಗಿದ. “ಓಣಿ ಹಿಂದ ಉಳೀತು!”

“ಟ್ರಾಲಿ ಹಿಂದಕ ಹೋಗಬೇಕಂದ್ರ ಮೊದಲ ಮುಂದಕ ಹೋಗಬೇಕಲೇ. ಮಿಲ್ಲಿನ್ಯಾಗ ನೋಡಿಲ್ಲೇನು?”

ಲಾರಿಯ ಮುಂದಿನ ಚಕ್ರ ಅಡ್ಡ ಗೆರೆಯ ಮೇಲೆ ಬಂತು. ಹಳದಿ ಗೆರೆ. ನಾನು ಸೈರನ್‌ಗೆ ಕಾದೆ. ಬರಲಿಲ್ಲ. ನಕ್ಷತ್ರವೂ ಕಳೆಯಲಿಲ್ಲ. ಚಕ್ರ ಗೆರೆ ದಾಟಿತು, ಇಡೀ ಲಾರಿ ದಾಟಿತು. ಆಚೆ ವಿಶಾಲ ಮೈದಾನ. ಹುಲಿಗೆಮ್ಮ ಅಲ್ಲಿ ಲಾರಿಯನ್ನು ಓರೆಯಾಗಿ ತಿರುಗಿಸಿ, ಎಂಜಿನ್ನೂ ಪೆಟ್ಟಿಗೆಯೂ ಒಂದೇ ಸಾಲಿಗೆ ಬರುವಂತೆ, ಟ್ರೇಲರಿನ ಬೆನ್ನು ಸಂದಿಯ ಬಾಯಿಯತ್ತ ನೋಡುವಂತೆ ನಿಲ್ಲಿಸಿದರು. ಆಮೇಲೆ ರಿವರ್ಸ್.

ತಳದಲ್ಲಿದ್ದ ಕೈ ಒಂದಿಷ್ಟು ಎಡಕ್ಕೆ, ಒಂದಿಷ್ಟು ಬಲಕ್ಕೆ ಸರಿಯಿತು. ಅದಕ್ಕಿಂತ ಹೆಚ್ಚೇನೂ ಇಲ್ಲ. ರೊಟ್ಟಿ ತಟ್ಟುವಾಗ ಕೈ ತಿರುಗುವಷ್ಟೇ. ಟ್ರೇಲರಿನ ಬಾಲ ಸಂದಿಯ ಮೂಲೆಯನ್ನು ಸವರಿದಂತೆ ಕಂಡಿತು, ತಾಗಲಿಲ್ಲ. ಅರ್ಧ ಒಳಗೆ ಹೋಯಿತು. ಗಂಗಮ್ಮ ಎದ್ದು ನಿಂತಿದ್ದರು. ಮುಕ್ಕಾಲು ಒಳಗೆ ಹೋಯಿತು. ಎಂಜಿನ್ನೂ ಒಳಗೆ ಹೋಗಿ, ಚೌಕದೊಳಗೆ, ನೇರವಾಗಿ, ನಿಂತಿತು.

ಎರಡು ನಿಮಿಷ ಐವತ್ತು ಸೆಕೆಂಡು. ಮೊದಲನೇ ಪ್ರಯತ್ನ. ಮೂರು ನಕ್ಷತ್ರ. ದಾಖಲೆಯಲ್ಲಿದೆ.

ಕಹಳೆ ಈ ಸಲ ಬೇರೆಯೇ ಇತ್ತು. ಇಪ್ಪತ್ತೂ ಗೆದ್ದವರಿಗೆಂದೇ ಆಟದವರು ಇಟ್ಟ ಉದ್ದನೆಯ ರಾಗ. ನಮ್ಮ ಕೋಣೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಏನಾಯಿತೆಂದು ಝೆರಾಕ್ಸ್ ಅಂಗಡಿಯವನು ರಸ್ತೆ ದಾಟಿ ಬಂದ. ಮೊದಲು ಚಪ್ಪಾಳೆ ತಟ್ಟಿದ್ದು ಇರ್ಫಾನ್.

“ಅಕ್ಕಾ, ಕ್ಯಾ ಬಾತ್! ಕೆಲಸ ನಿಂದೇ. ಆದ್ರ ಒಂದು ಮಾತು, ನನಗ ಇದನ್ನ ಕಲಿಸಬೇಕು.”

“ಕಲಿಸತೀನಿ. ಮೊದಲ ಸ್ಟೇರಿಂಗ್ ಕೆಳಗ ಹಿಡಿ. ‘ರಿಬ್ಬನ್, ರಿಬ್ಬನ್’ ಅಂತ ನಾನೇನು ಒದರೂದಿಲ್ಲ.”

ಗಂಗಮ್ಮ ಸೊಂಟದ ಚೀಲದಿಂದ ಲಾರಿಯ ಕೀಲಿ ತೆಗೆದು ಹುಲಿಗೆಮ್ಮನ ಅಂಗೈಯಲ್ಲಿಟ್ಟರು. “ತಗೋ ಯವ್ವಾ. ನೀ ಆಗಿ ಇಳಿಯೂತನಕ ನಿನಗ ಯಾರೂ ಇಳಿ ಅನ್ನೂದಿಲ್ಲ.” ಈ ಮಾತು ಅವರಿಗೆ ಹೇಗೆ ಗೊತ್ತಾಯಿತು? ಹುಲಿಗೆಮ್ಮ ಅವರಿಗೂ ಅದನ್ನೇ ಹೇಳಿದ್ದರೋ, ನನ್ನ ನೆನಪು ಎರಡು ಮಾತುಗಳನ್ನು ಹೊಲಿದಿದೆಯೋ ಹೇಳಲಾರೆ. ಕೀಲಿ ಕೊಟ್ಟದ್ದು ನಿಜ. ಹುಲಿಗೆಮ್ಮ ಅದನ್ನು ಕೆಂಪು ರಿಬ್ಬನ್ನಿಗೆ ಪೋಣಿಸಿ ಕೊರಳಿಗೆ ಹಾಕಿಕೊಂಡದ್ದೂ ನಿಜ.

ಒಂದು ವಿಷಯ ಮಾತ್ರ ತಿಳಿಯದು. ಆ ಎರಡು ನಿಮಿಷ ಐವತ್ತು ಸೆಕೆಂಡುಗಳಲ್ಲಿ ಅವರು ಒಮ್ಮೆ ಹೊರಳಿ ಹಿಂದಿನ ಗೋಡೆಯನ್ನು ನೋಡಿದರು, ಕ್ಯಾಲೆಂಡರ್ ಕಂಡು ತಾವೇ ನಕ್ಕರು ಎಂದು ಇರ್ಫಾನ್ ಆಣೆ ಮಾಡಿ ಹೇಳುತ್ತಾನೆ. ನಾನು ನೋಡಲಿಲ್ಲ. ಯಂತ್ರ ಲಾರಿಯ ಚಲನೆಯನ್ನು ದಾಖಲಿಸುತ್ತದೆ, ಚಾಲಕರ ಮುಖವನ್ನಲ್ಲ.

ಮರುದಿನ ಪತ್ರದ ಲೆಕ್ಕವನ್ನು ಮತ್ತೆ ಮಾಡಿದೆ. ಎಲ್ಲಿಯೂ ತಪ್ಪಿರಲಿಲ್ಲ. ಗಾಡಿ ನಿಂತ ಜಾಗದಿಂದಲೇ ಹಿಂದಕ್ಕೆ ಹೊರಟರೆ ಆ ಸಂದಿಯೊಳಗೆ ಹೋಗುವುದು ನಿಜಕ್ಕೂ ಅಸಾಧ್ಯ. ‘ನಿಂತ ಜಾಗದಿಂದಲೇ’ ಎಂಬ ಮಾತನ್ನು ಹಾಕಿದವನು ನಾನು. ಆ ಅಡ್ಡ ಗೆರೆಯನ್ನು ದಾಟಬಾರದೆಂದು ಆಟದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಕಂಪನಿಗೆ ಎರಡನೇ ಪತ್ರ ಹಾಕಿದೆ. ಒಂದೇ ಸಾಲು: ‘ಲೆವೆಲ್ 20 ಸರಿಯಾಗಿದೆ, ಮೊದಲ ಪತ್ರವನ್ನು ಹಿಂಪಡೆದಿದ್ದೇನೆ.’ ಅದಕ್ಕೂ ಉತ್ತರ ಬರಲಿಲ್ಲ. ಗೋಡೆಯ ಚೀಟಿಯನ್ನು ಕಿತ್ತಾಗ ಅದರ ಜಾಗದಲ್ಲಿ ಬಿಳಿಯ ಚೌಕವೊಂದು ಉಳಿಯಿತು.

ಆ ವರ್ಷದ ದೀಪಾವಳಿಯ ಆಸುಪಾಸಿನಲ್ಲಿ ದೇವದುರ್ಗಕ್ಕೆ ಹೋಗಿದ್ದೆ. ಗಂಗಮ್ಮನವರ ಓಣಿಯ ಬಾಯಲ್ಲಿ ನಿಂತು ನೋಡಿದೆ. ಹತ್ತಿ ತುಂಬಿದ ಅಂಡಿಗೆ ಮೂಟೆಗಳನ್ನು ಹೇರಿಕೊಂಡ ಲಾರಿ ಬಂತು. ಓಣಿಯನ್ನು ದಾಟಿ, ಚಹಾದಂಗಡಿಯನ್ನೂ ದಾಟಿ, ಮುಂದಕ್ಕೆ, ಇನ್ನೂ ಮುಂದಕ್ಕೆ ಹೋಗಿ ನಿಂತಿತು. ಆಮೇಲೆ ಒಂದೇ ಸಮನೆ ಹಿಂದಕ್ಕೆ ಬಂತು. ಹುಲಿಗೆಮ್ಮನ ಕೈ ಸ್ಟೇರಿಂಗಿನ ಮೇಲ್ಭಾಗದಲ್ಲಿತ್ತು, ಕಣ್ಣು ಕನ್ನಡಿಯಲ್ಲಿತ್ತು. ಓಣಿಯ ನಡುವೆ ಕಟ್ಟೆಯ ಮೇಲೆ ಒಬ್ಬ ಮುದುಕ ಕಾಲು ಇಳಿಬಿಟ್ಟು ಕೂತು ಚಹಾ ಕುಡಿಯುತ್ತಿದ್ದ. ಬಸಣ್ಣಜ್ಜನೇ ಇರಬೇಕು. ಲಾರಿಯ ಹಲಗೆ ಅವನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಹಾದುಹೋಯಿತು. ಅವನು ಕಾಲು ಎತ್ತಲಿಲ್ಲ. ಕಪ್ಪಿನಿಂದ ಕಣ್ಣೂ ಎತ್ತಲಿಲ್ಲ.

ನನ್ನ ಕೆಲಸ ಅಷ್ಟೇ ಎಂದು ಆಗ ಅರ್ಥವಾಯಿತು. ಕಹಳೆ, ನಕ್ಷತ್ರ ಎಲ್ಲ ಯಂತ್ರದ ಲೆಕ್ಕಕ್ಕೆ. ಚೆನ್ನಾಗಿ ಕಲಿತ ಚಾಲಕರ ಪಕ್ಕದಲ್ಲಿ ಕೂತವರು ಕಾಲು ಎತ್ತುವುದಿಲ್ಲ.

ಈ ಬರಹಕ್ಕೆ ಕೂರುವ ಮೊದಲು ಕೇಂದ್ರಕ್ಕೆ ಹೋಗಿ, ಈಗಿನ ಬೋಧಕನ ಅನುಮತಿ ಪಡೆದು, ಇಪ್ಪತ್ತನೇ ಲೆವೆಲ್ಲನ್ನು ತೆರೆಸಿ ನೋಡಿದೆ. ಅಡ್ಡ ಗೆರೆ ಬಿಳಿಯದಾಗಿತ್ತು. ಯಾವ ರಸ್ತೆಯಲ್ಲೂ ಇರುವಂಥ ಸಾಮಾನ್ಯ ಬಿಳಿ ಗೆರೆ. ಯಾರಾದರೂ ಬದಲಿಸಿದರೇ ಎಂದು ಕೇಳಿದೆ. ತಂತ್ರಾಂಶವನ್ನು ಯಾರೂ ಮುಟ್ಟಿಲ್ಲ ಎಂದ. ಹತ್ತೊಂಬತ್ತು ಲೆವೆಲ್‌ಗಳಲ್ಲಿ ಹಳದಿಗೆ ಹೆದರಿದ ಕಣ್ಣು ಇಪ್ಪತ್ತನೆಯದರಲ್ಲಿ ಬಿಳಿಯನ್ನೂ ಹಳದಿ ಮಾಡಿಕೊಂಡಿತ್ತು. ನಲವತ್ತೊಂದು ಸಲ ನೋಡಿದರೂ, ಅಳೆದರೂ, ಪತ್ರದಲ್ಲಿ ‘ಹಳದಿ ಗಡಿ ಗೆರೆ’ ಎಂದು ಸ್ಪಷ್ಟವಾಗಿ ಬರೆದಿದ್ದರೂ. ಎಲ್ಲವನ್ನೂ ಸಂಶಯಿಸುವವನು ಎಂದು ನನ್ನ ಬಗ್ಗೆ ನನಗೊಂದು ಹೆಮ್ಮೆಯಿತ್ತು. ಆಗೂದಿಲ್ಲ ಎಂದು ಹೇಳುವ ಮೊದಲು ಆ ಸಂಶಯವನ್ನು ನನ್ನ ಮೇಲೂ ಒಂದು ಸುತ್ತು ಹಾಯಿಸಬೇಕು. ಆ ಉದ್ಯೋಗ ನನಗೆ ಕಲಿಸಿದ್ದು ಇದು.

ಅಲ್ಲಿಂದಲೇ ಹುಲಿಗೆಮ್ಮನಿಗೆ ಫೋನು ಮಾಡಿದೆ. ಲಾರಿಯ ಸದ್ದು ಕೇಳಿಸುತ್ತಿತ್ತು. ಬದಿಗೆ ನಿಲ್ಲಿಸಿ ಮಾತಾಡಿದರು.

“ಹುಲಿಗೆಮ್ಮಾರ, ಇಪ್ಪತ್ತನೇ ಲೆವೆಲ್‌ನ್ಯಾಗ ಆ ಗೆರಿ ಹಳದಿ ಅಂತ ತಿಳಕೊಂಡಿದ್ನಲ್ಲ, ಅದು ಬಿಳೀದು ಅದ ನೋಡ್ರಿ.”

ಅತ್ತ ಕಡೆ ಎಂಜಿನ್ ಆರಿತು. ಅವರು ನಿಜವಾಗಿಯೂ ನೆನಪಿಸಿಕೊಳ್ಳಲು ಪ್ರಯತ್ನಿಸುತ್ತಿದ್ದರು.

“ಗೆರಿನಾ?” ಎಂದರು. “ಅಲ್ಲಿ ಗೆರಿ ಎಲ್ಲಿತ್ರಿ ಸರ್?”